ಎರಡು ಟರ್ಬೊ, ಎರಡು ಸುಳ್ಳು

ನಾಲ್ಕು ವರ್ಷದಲ್ಲಿ ಅವನು ನನ್ನ ಜೊತೆ ಆಡಿದ ಮಾತನ್ನೆಲ್ಲ ಸೇರಿಸಿದರೂ ಅರ್ಧ ಗಂಟೆ ದಾಟಲಿಕ್ಕಿಲ್ಲ. ಬಿಳಿ ಜಾಕೆಟ್‌ನವಳು ಗ್ಯಾರೇಜಿಗೆ ಬಂದ ಮೊದಲ ದಿನವೇ ಅವಳ ಜೊತೆ ಮುಕ್ಕಾಲು ಗಂಟೆ ಮಾತಾಡಿದ. ನಾನು ಗಡಿಯಾರ ನೋಡುತ್ತಲೇ ಇದ್ದೆ.

ಗ್ಯಾರೇಜು ಅಪ್ಪನದು. ಪೈಪು ಕತ್ತರಿಸಿ ವೆಲ್ಡಿಂಗ್ ಮಾಡುವುದು ನನ್ನ ಕೆಲಸ. ಅವನು ಟ್ಯೂನರ್, ಲ್ಯಾಪ್‌ಟಾಪ್ ಇಟ್ಟುಕೊಂಡು ಇಂಜಿನ್ನಿನ ನಾಡಿ ನೋಡುವವನು. ನಾನು ವೆಲ್ಡಿಂಗ್ ಮಾಡುವಾಗ ಆಗಾಗ ಪೈಪು ಹಿಡಿಯಲೂ ಬರುತ್ತಾನೆ. ಬಾಯಿಗೆ ಬೀಗ ಹಾಕಿಕೊಂಡೇ ಇರುತ್ತಾನೆಂದು ಅಪ್ಪ ಅವನಿಗೆ ಸೈಲೆನ್ಸರ್ ಎಂದು ಹೆಸರಿಟ್ಟಿದ್ದರು. ಆ ಸೈಲೆನ್ಸರ್ ಮೇಲೆ ನನಗೆ ಮನಸ್ಸಾಗಿ ಎರಡು ವರ್ಷವಾಗಿತ್ತು. ಹೇಳಿರಲಿಲ್ಲ. ಎಲ್ಲಿಗೆ ಹೋಗುತ್ತಾನೆ, ನಿಧಾನವಾಗಿ ಹೇಳಿದರಾಯಿತು ಅಂದುಕೊಂಡಿದ್ದೆ.

ಬಿಳಿ ಜಾಕೆಟ್ ರೇಸ್ ಡ್ರೈವರ್. ಅವಳ ಕಾರಿಗೆ ಆರು ಸಿಲಿಂಡರ್, ಮೂರು ಈಚೆ ಮೂರು ಆಚೆ. ಇನ್ನೆರಡು ತಿಂಗಳಿಗೆ ಗುಡ್ಡದ ರಸ್ತೆಯ ರೇಸು, ಮಾರಿಗೊಂದು ತಿರುವು. ಇಂಜಿನ್ನಿಗೆ ಗಾಳಿ ಒತ್ತಿ ತುಂಬಲು ಯಾವ ಟರ್ಬೊ ಕೂರಿಸಲಿ ಎಂದು ಕೇಳಲು ಬಂದಿದ್ದಳು.

ಅವನು ಗೋಡೆಯ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ. ಸಿಂಗಲ್, ಅಂದರೆ ದೊಡ್ಡದೊಂದೇ ಹಾಕಿದರೆ ಕೆಲಸ ಸುಲಭ, ಕೊನೆಯಲ್ಲಿ ಭರ್ಜರಿ ಬಲ, ಆದರೆ ಇಂಜಿನ್ನಿನ ಹೊಗೆ ಅದನ್ನು ತಿರುಗಿಸುವವರೆಗೆ ಕಾಯಬೇಕು. ಟ್ವಿನ್, ಅಂದರೆ ಚಿಕ್ಕವೆರಡು ಹಾಕಿ ಮೂರು ಮೂರು ಸಿಲಿಂಡರಿಗೆ ಒಂದೊಂದು ಕೊಟ್ಟರೆ ಪೆಡಲ್ ಒತ್ತಿದ ಕೂಡಲೇ ಎಳೆತ. ಕಾಂಪೌಂಡ್ ಎಂದರೆ ದೊಡ್ಡದು ಒತ್ತಿದ ಗಾಳಿಯನ್ನು ಚಿಕ್ಕದು ಇನ್ನೊಮ್ಮೆ ಒತ್ತುವುದು. ಶುರುವಿಗೂ ಬಲ, ಕೊನೆಗೂ ಬಲ, ಜೊತೆಗೆ ತೂಕ, ಕಾವು, ಪೈಪುಗಳ ಗೋಜಲು.

ಅವಳೇನೋ ಅಂದಳು. ಅವನು ನಕ್ಕ. ನಕ್ಕರೆ ಅವನ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತದೆ. ಅದನ್ನು ನೋಡಿದವಳು ನಾನೊಬ್ಬಳೇ ಎಂದು ಆ ದಿನದವರೆಗೆ ನಂಬಿದ್ದೆ. 

ಮೂರನೆಯ ದಿನ ಅವಳು ಅವನನ್ನು ತನ್ನ ಟೀಮಿಗೆ ಕರೆದಳು. ಅವನ ಉತ್ತರ ಕಿವಿಗೆ ಬೀಳುವುದು ನನಗೆ ಬೇಕಿರಲಿಲ್ಲ. ಗ್ರೈಂಡರ್ ಹಾಕಿಬಿಟ್ಟೆ.

ಆಮೇಲೆ ಅವಳು ನನ್ನ ಟೇಬಲ್ಲಿಗೂ ಬಂದು, ನೀವೇನು ಹೇಳ್ತೀರಿ ಎಂದು ಕೇಳಿದಳು. ಆ ತಿರುವುಗಳಿಗೆ ಚಿಕ್ಕವೆರಡೇ ಸರಿ ಎಂದು ನನಗೆ ಗೊತ್ತಿತ್ತು. ಆದರೆ ಅದಕ್ಕೆ ಮೂರು ವಾರ ಬೇಕು. ಸಿಂಗಲ್ ಒಂದೇ ವಾರ.

"ಸಿಂಗಲ್ಲೇ ಸಾಕು ಮೇಡಂ," ಎಂದೆ. "ಬೇಗ ಮುಗಿಸಿ ಕೊಡ್ತೀನಿ."

ಹೇಳಿದ್ದೇ ತಡ, ಮನಸ್ಸು ಚುಚ್ಚತೊಡಗಿತು. ತಿರುವಿನ ನಡುವೆ ತಡವಾಗಿ ನುಗ್ಗುವ ಬಲ ಅವಳನ್ನು ಎತ್ತ ತಳ್ಳುತ್ತದೋ. ಬೆಳಗ್ಗೆ ಅವಳು ಬಂದ ಕೂಡಲೇ ನಿಜ ಹೇಳಬೇಕೆಂದು ನಿರ್ಧರಿಸಿದೆ. ಬೆಳಗ್ಗೆ ಅವಳು ನನಗಿಂತ ಮೊದಲೇ ಬಂದು ಅವನ ಬಳಿ ನಿಂತಿದ್ದಳು.

"ಇವರು ಸಿಂಗಲ್ ಅಂತಾರೆ, ನೀವು ಕಾಂಪೌಂಡ್ ಅಂದ್ರಿ," ಎಂದು ಇಬ್ಬರನ್ನೂ ನೋಡಿದಳು. "ಬೇರೆ ಕಡೆ ಕೇಳಿದ್ರೆ ಐದು ನಿಮಿಷದಲ್ಲಿ ಟ್ವಿನ್ ಅಂದ್ರು. ಇಷ್ಟು ಗೊತ್ತಿರೋರು ಇಬ್ರೂ ಯಾಕೆ ತಪ್ಪು ಹೇಳಿದ್ರಿ?"

ಪಕ್ಕದ ಕಾರಿನ ಕೆಳಗಿನಿಂದ ಅಪ್ಪನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಸ್ಪ್ಯಾನರಿನ ಸದ್ದು ನಿಂತಿತು.

"ನೀವು ಬೇಗ ಹೋಗ್ಲಿ ಅಂತ ಹೇಳಿದ್ದು," ಎಂದೆ. "ಹೊಟ್ಟೆಕಿಚ್ಚು. ತಪ್ಪು ನಂದು, ಕ್ಷಮಿಸಿ."

ಅವಳು ಅವನತ್ತ ತಿರುಗಿದಳು. ಅವನು ನೆಲ ನೋಡುತ್ತಿದ್ದ, ಕಿವಿ ಕೆಂಪಗಾಗಿತ್ತು.

"ಕಾಂಪೌಂಡ್‌ಗೆ ಪೈಪು ಜಾಸ್ತಿ," ಎಂದ. "ವೆಲ್ಡಿಂಗ್ ಮಾಡುವಾಗ ಹಿಡ್ಕೊಳ್ಳೋಕೆ ಇವಳಿಗೆ ಒಬ್ರು ಬೇಕು. ಒಂದೂವರೆ ತಿಂಗಳು ಹಿಡ್ಕೊಂಡು ಕೂರಬಹುದಿತ್ತು."

ನನ್ನ ಕೈಯಲ್ಲಿದ್ದ ಗ್ಲೋವ್ಸ್ ಕೆಳಗೆ ಬಿತ್ತು.

ಬಿಳಿ ಜಾಕೆಟ್ ನಗು ತಡೆದುಕೊಂಡಳು. "ಟೀಮಿಗೆ ಕರೆದಾಗ ಒಂದು ಕ್ಷಣವೂ ಯೋಚಿಸದೆ ಬರಲ್ಲ ಅಂದ್ರಲ್ಲ, ಕಾರಣ ಈಗ ಗೊತ್ತಾಯ್ತು. ನನಗೆ ಟ್ವಿನ್ ಹಾಕಿ ಕೊಡಿ. ಆಮೇಲೆ ಜೀವನಪೂರ್ತಿ ಪೈಪು ಹಿಡ್ಕೊಳ್ಳಿ." ಕೀ ಮೇಜಿನ ಮೇಲಿಟ್ಟು ಹೊರಟುಹೋದಳು. ಅಷ್ಟು ದಿನ ಶಪಿಸಿದವಳ ಮೇಲೆ ನನಗೆ ಅಕ್ಕರೆ ಉಕ್ಕಿತು.

ಮಧ್ಯಾಹ್ನ ಮೊದಲ ಪೈಪು ಶುರುಮಾಡಿದೆವು. ಅವನು ನನ್ನೆದುರು ಸ್ಟೂಲ್ ಹಾಕಿಕೊಂಡು ಅದನ್ನು ಓರೆಯಾಗಿ ಹಿಡಿದ.

"ಅವಳ ಜೊತೆ ಅಷ್ಟೊಂದು ಮಾತಾಡಿದ್ಯಲ್ಲ," ಎಂದೆ. ಹೊಟ್ಟೆಯುರಿ ಇನ್ನೂ ಪೂರ್ತಿ ಆರಿರಲಿಲ್ಲ.

"ಟರ್ಬೊ ಬಗ್ಗೆ ಆದ್ರೆ ಮಾತು ಬರುತ್ತೆ," ಎಂದ. "ನಿನ್ನ ಹತ್ರ ಬಂದ್ರೆ ಎಲ್ಲ ಮರೆತುಹೋಗುತ್ತೆ. ನೀನಂದ್ರೆ ನಂಗಿಷ್ಟ."

"ನಂಗೂ ಇಷ್ಟ. ಕಣ್ಣು ಮುಚ್ಕೊ."

ಕಿಡಿಯ ಬೆಳಕಿಗೆ ಹೆದರಿ ಉಳಿದವರು ಮುಖ ತಿರುಗಿಸುತ್ತಾರೆ. ಅವನು ಮಾತ್ರ ನಾಲ್ಕು ವರ್ಷವೂ ಮುಖ ನನ್ನ ಕಡೆಗೇ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಅದು ನನ್ನ ಗಮನಕ್ಕೆ ಬಂದದ್ದು ಅವತ್ತೇ. ನಾನು ವೆಲ್ಡಿಂಗ್ ಟಾರ್ಚ್ ಹಚ್ಚಲಿಲ್ಲ. ಅವನ ರೆಪ್ಪೆಯ ಮೇಲೆ ಬೆಳಗ್ಗೆ ಬೋರ್ಡಿನಲ್ಲಿ ಪೈಪಿನ ನಕ್ಷೆ ಬರೆದ ಚಾಕ್ ಪುಡಿ ಇತ್ತು.

"ಹಚ್ಚಿಲ್ವಾ ಇನ್ನೂ?"

"ಇಲ್ಲ. ನೋಡ್ತಾ ಇದೀನಿ."

ಗುಳಿ ಬಿತ್ತು. "ಎಷ್ಟು ಹೊತ್ತು?"

"ಮುಕ್ಕಾಲು ಗಂಟೆ," ಎಂದೆ. "ಅವಳಿಗೆ ಕೊಟ್ಟಷ್ಟೇ."

ಅವನು ಕಣ್ಣು ತೆರೆಯಲಿಲ್ಲ. ಪೈಪನ್ನೂ ಬಿಡಲಿಲ್ಲ.