ರಾಜೇಸಾಬನ ನೀಲಿ ಭರಣಿ

ಸವಣೂರು ನವಾಬರ ಆನೆಯೊಂದು ರಾಜೇಸಾಬನ ನೀಲಿ ಭರಣಿಯನ್ನು ಎಡವಿ ಕಾಲು ಮುರಿದುಕೊಂಡಿತಂತೆ. ಭರಣಿಗೆ ಗೀರೂ ಬೀಳಲಿಲ್ಲವಂತೆ. ಪುಣೆಯಿಂದ ಬಂದ ಹಳೆ ಸಾಮಾನಿನ ವ್ಯಾಪಾರಿಗೆ ರಾಜೇಸಾಬನ ಮೊಮ್ಮಗ ಶಾಹಬಾಜ ಇದನ್ನು ಕಣ್ಣು ಮಿಟುಕಿಸದೆ ಹೇಳಿದ. ವ್ಯಾಪಾರಿ ಆನೆಯನ್ನು ನಂಬಲಿಲ್ಲ, ಭರಣಿಯನ್ನು ಮೆಚ್ಚಿದ. ಅದನ್ನು ಕೊಟ್ಟರೆ ಶಿಗ್ಗಾಂವದ ಹೆದ್ದಾರಿ ಪಕ್ಕ ಅಂಗಡಿ ಹಾಕಿಕೊಡುವೆನೆಂದ.

ಅಜ್ಜ ತಾನೇ ಮಾಡಿದ ಆ ಭರಣಿ ಇದ್ದದ್ದು ಅಕ್ಕ ಗುಲ್ನಾರಳ ವಶದಲ್ಲಿ. ಕೇಳಿದ್ದಕ್ಕೆ ಅವಳದು ಒಂದೇ ಮಾತು: "ಅಜ್ಜನ ಕೈ ಅದು. ಮಾರಾಕ ಬರೂದಿಲ್ಲ."

ಕೈ ಎಂದೊಡನೆ ಶಾಹಬಾಜನಿಗೆ ಕೆಸರೇ ಕಂಡಿತು. ಆ ಕೈಯಿಂದಲೇ ಮನೆತನ ಎದ್ದದ್ದು ನಿಜ. ಒಂದು ಕಾಲಕ್ಕೆ ಇವರ ಪಿಂಗಾಣಿ ಭರಣಿ ಇಲ್ಲದೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಒಂದು ಮದುವೆಯೂ ಆಗುತ್ತಿರಲಿಲ್ಲ; ಇವರ ಭಟ್ಟಿಯ ಹೊಗೆಗೇ ಸವಣೂರಿನ ಕಾಗೆಗಳು ಕಪ್ಪಾದವು ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ಆಮೇಲೆ ಪ್ಲಾಸ್ಟಿಕ್ ಡಬ್ಬಿ ಬಂತು, ಕೆಲಸಗಾರರು ಒಬ್ಬೊಬ್ಬರಾಗಿ ಹೋದರು. ಉಳಿದದ್ದು ಗುಲ್ನಾರ, ಧಾಬಾಗಳಿಗೆ ಅವಳು ಸುಡುವ ಚಹಾ ಕಪ್ಪು, ಮತ್ತು ಕೆಸರು. ರೊಟ್ಟಿಯಲ್ಲಿ ಕೆಸರು, ಹಾಸಿಗೆಯಲ್ಲಿ ಕೆಸರು, ಅಕ್ಕನ ಉಗುರಿನ ಸಂದಿಯಲ್ಲಿ ಸತ್ತ ಮೀನಿನ ಬಣ್ಣದ ಕೆಸರು. ಅವಳು ಕೊಟ್ಟ ಚಹಾದ ಲೋಟವನ್ನು ಅವನು ಅಂಗಿಯಿಂದ ಒರೆಸಿಯೇ ಬಾಯಿಗಿಡುತ್ತಿದ್ದ. ನಾಲ್ಕು ತಾಲೂಕಿನ ಬುದ್ಧಿಯೆಲ್ಲ ಸೇರಿ ಆದ ಈ ತಲೆ ಮಣ್ಣಿನಲ್ಲಿ ಕೊಳೆಯಬೇಕೇ?

ಗುಲ್ನಾರ ಅಕ್ಕಿಆಲೂರಿನ ಸಂತೆಗೆ ಹೋದ ದಿನ, ಮೊಬೈಲಿನಲ್ಲಿ ನೋಡಿ ಕಲಿತಂತೆ, ಭರಣಿಯ ಸುತ್ತ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದ. ಮೂಗಿಗೆ ಕರವಸ್ತ್ರ ಕಟ್ಟಿ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಅಕ್ಕನ ಮಣ್ಣನ್ನೇ ಅಚ್ಚಿಗೆ ಒತ್ತಿದ, ಅಕ್ಕನ ನೀಲಿಯನ್ನೇ ಬಳಿದ. ಎರಡು ವಾರ ಬಿಟ್ಟು ಸುಡಿಸಿದ್ದು ಮಾತ್ರ ದೂರದ ಹಿರೇಕೆರೂರಿನಲ್ಲಿ, ತನ್ನ ಗುರುತಿಲ್ಲದವರ ಭಟ್ಟಿಯಲ್ಲಿ. ಹಳತಾಗಿ ಕಾಣಲು ಚಹಾದ ಕಷಾಯ, ಎಣ್ಣೆಯ ಜಿಡ್ಡು ಉಜ್ಜಿದ. ಕತ್ತಿನ ಬಳಿ ಅಜ್ಜನ ಹೆಬ್ಬೆರಳಿನ ಗುರುತು ಕೂಡ ಹಾಗೇ ಮೂಡಿತ್ತು. ಖುದ್ದು ಅಜ್ಜನೇ ಗೋರಿಯಿಂದ ಎದ್ದು ಬಂದರೂ ಮೋಸ ಹೋಗಬೇಕು. ಹಳೆಯದನ್ನು ಮೊದಲೇ ಗೋಣಿಚೀಲಕ್ಕೆ ಸೇರಿಸಿ, ಹೊಸದನ್ನು ತಂದ ದಿನವೇ ಅಡುಗೆಮನೆಯ ಕತ್ತಲೆ ಮೂಲೆಯಲ್ಲಿ ಕೂರಿಸಿದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅಗತ್ಯ ಅವನಿಗೆ ಕಾಣಲಿಲ್ಲ. ಅದರದೇ ಅಚ್ಚು ತಾನೇ. ವ್ಯಾಪಾರಿ ಮರುದಿನ ಬರುವವನಿದ್ದ.

ಆ ಸಂಜೆ ಗುಲ್ನಾರ ಉಪ್ಪಿನಕಾಯಿಗೆಂದು ಮಾವು ತಂದಳು. ಮಾವು ತುಂಬುವ ಮೊದಲು ಭರಣಿ ಸೋರುತ್ತದೆಯೇ ಎಂದು ನೋಡುವುದು ಅವಳ ರೂಢಿ. ಅಜ್ಜನ ಭರಣಿಗೆ ಸರಿಯಾಗಿ ಒಂದು ತಾಮ್ರದ ಕೊಡ ನೀರು. ಶಾಹಬಾಜ ಬಾಗಿಲಿಗೆ ಒರಗಿ ಶಿಳ್ಳೆ ಹಾಕುತ್ತಿದ್ದ. ಕೊಡದಲ್ಲಿ ಇನ್ನೂ ಕಾಲುಭಾಗ ಉಳಿದಿರುವಾಗಲೇ ಭರಣಿ ತುಂಬಿ ಹೊರಚೆಲ್ಲಿತು. ಅವಳು ಕೊಡ ಇಳಿಸಿದಳು. ಭರಣಿಯನ್ನಲ್ಲ, ಅವನನ್ನು ನೋಡಿದಳು. "ಹಸಿ ಮಣ್ಣು ಒಣಗಿ ಸುಟ್ಟ ಮ್ಯಾಲೆ ಸಣ್ಣದಾಗ್ತೈತಿ, ತಮ್ಮಾ. ನಮ್ಮ ಮನ್ಯಾಗ ಕೂಸಿಗೂ ಗೊತ್ತದು. ಅಚ್ಚು ತಗದಿ, ಹೌದಿಲ್ಲೋ?" ಅವಳು ಹತ್ತಿರ ಬಂದು, ಕೆಸರು ಮೆತ್ತಿದ ಬೆರಳುಗಳಿಂದ ಅವನ ಗಲ್ಲ ಹಿಡಿದಿದ್ದಳು. ಅದನ್ನು ಒರೆಸಿಕೊಳ್ಳಲೂ ಆಗದೆ, ಹುಟ್ಟಿದಾಗಿನಿಂದ ಬಾಯಿಗೆ ಬಂದ ಸುಳ್ಳುಗಳಲ್ಲಿ ಒಂದೂ ನೆನಪಾಗದೆ ಅವನು ಹೇಳಿದ: "ಹೌದಕ್ಕಾ. ಅಜ್ಜಂದು ನನ್ನ ಮಂಚದ ಕೆಳಗ ಐತಿ. ನಾಳೆ ಆ ಪುಣೆಯಾಂವಗ ಕೊಟ್ಟುಬಿಡಾಂವಿದ್ದೆ."