ಒಳಕ್ಕೆ ತಿರುಗಿದ ಕಾರು

೧೯೮೩ರ ನವೆಂಬರ್ ೯, ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಹುನಗುಂದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಕುರಿಗಾರ ಹುಲ್ಲಪ್ಪನ ಕಂಬಳಿಗೆ ರಕ್ತ ಹತ್ತಿತ್ತು. ಸಬ್ ಇನ್‌ಸ್ಪೆಕ್ಟರ್ ಗುರಲಿಂಗಪ್ಪ ಆಗಷ್ಟೇ ಕೈಗೆತ್ತಿಕೊಂಡಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು.

"ಏನಾತು?"

"ಅಮೀನಗಡದ ಹಾದ್ಯಾಗ, ಹಳ್ಳದ ತಿರುವಿನ್ಯಾಗ ಕುರಿ ತರುಬಿದ್ವಿರಿ. ಕೆಂಪು ಕಾರು ಹೊಲಕ್ಕ ನುಗ್ಗಿ ನನ್ನ ಹೇಣ್ತಿ ರೇಣವ್ವನ ಮ್ಯಾಲ ಬಂತು."

"ಜೀವ ಐತೇನು?"

"ಐತ್ರಿ. ಕಾಲು ನುಜ್ಜಾಗೇತಿ. ಲಾರ್ಯಾಗ ಬಾಗಲಕೋಟಿ ದವಾಖಾನಿಗೆ ಕಳಿಸೀವಿ."

"ಡ್ರೈವರ್ ಓಡಿ ಹೋದ್ನೇನು?"

"ಇಲ್ರಿ. ಅಕಿನ್ನ ಲಾರಿಗೆ ಎತ್ತಿದಾವ ಅವನ. ಅಲ್ಲೇ ಕುಂತಾನ."

ಎಫ್‌ಐಆರ್ ದಾಖಲಾಯಿತು. ಕಾರು ಯಾರದೆಂದು ಕೇಳುವ ಅಗತ್ಯವಿರಲಿಲ್ಲ. ಇಡೀ ತಾಲೂಕಿನಲ್ಲಿ ಎರಡೇ ಸೀಟಿನ ವಿಲಾಯತಿ ಸ್ಪೋರ್ಟ್ಸ್ ಕಾರು ಇದ್ದದ್ದು ಒಬ್ಬರ ಹತ್ತಿರ, ಇಳಕಲ್ಲಿನ ಗ್ರಾನೈಟ್ ವ್ಯಾಪಾರಿ ಮಧುಸೂದನರಾಯರ ಹತ್ತಿರ. ಮುಂಬಯಿಯಿಂದ ತಂದ ಸೆಕೆಂಡ್‌ಹ್ಯಾಂಡ್ ಗಾಡಿ. ಹೋದ ವರ್ಷ ಬಾದಾಮಿಯ ಗುಡ್ಡ ಹತ್ತುವ ಪಂದ್ಯದಲ್ಲಿ ಅದರಿಂದ ಎರಡನೇ ಬಹುಮಾನ ಹೊಡೆದಿದ್ದರು. ಬರುವ ಭಾನುವಾರ ಮತ್ತೆ ಪಂದ್ಯವಿತ್ತು. ಅದಕ್ಕೆಂದೇ ಹೊಸ ಬ್ಯಾಟರಿ ಕೂರಿಸಿಕೊಂಡು ಬರಲು ಡ್ರೈವರ್ ಮಲಕಪ್ಪ ಕಾರನ್ನು ಬಾಗಲಕೋಟೆಗೆ ಒಯ್ಯುತ್ತಿದ್ದ.

ಹನ್ನೊಂದು ಗಂಟೆಗೆ ಗುರಲಿಂಗಪ್ಪ, ಕಾನ್‌ಸ್ಟೇಬಲ್ ರಾಜಮಹ್ಮದ ಸ್ಥಳಕ್ಕೆ ಹೋದರು. ಪಂಚರ ಮುಂದೆ ಪಂಚನಾಮೆ ನಡೆಯಿತು. ಕಾರು ಬಾಲ ಬೀಸಿ, ಹಿಂಬದಿಯನ್ನು ಕಲ್ಲಿನ ಗುಡ್ಡೆಗೆ ಬಡಿದುಕೊಂಡು ನಿಂತಿತ್ತು. ಮುಂದಿನ ಗಾಲಿಗಳಿಗೆ ಏನೂ ಆಗಿರಲಿಲ್ಲ.

"ಕುಡಿದಿದ್ದಿ?" ಎಂದರು ಗುರಲಿಂಗಪ್ಪ.

"ಇಲ್ರಿ," ಎಂದ ಮಲಕಪ್ಪ.

"ನಿದ್ದಿ?"

"ಇಲ್ರಿ ಸಾಹೇಬ್ರ. ನಾ ಜರಾ ತಿರುವಿದ್ನಿ, ಅದು ಭಾಳ ತಿರುಗಿತು."

ಹೀಗೆ ಹೇಳುವ ಡ್ರೈವರುಗಳನ್ನು ಗುರಲಿಂಗಪ್ಪ ಬೇಕಾದಷ್ಟು ಕಂಡಿದ್ದರು. ತಪ್ಪೆಲ್ಲ ಗಾಡಿಯದು, ಇಲ್ಲವೇ ಎಮ್ಮೆಯದು. ಮಲಕಪ್ಪನನ್ನು ಬಂಧಿಸಿದರು. ಕಾರು ಹಾಳಾದ ಸಿಟ್ಟಿನಲ್ಲಿ ಮಧುಸೂದನರಾಯರು ಜಾಮೀನು ಕೊಡಲಿಲ್ಲ, ಬೇರೆ ಯಾರೂ ಮುಂದೆ ಬರಲಿಲ್ಲ. ಕೋರ್ಟು ಅವನನ್ನು ಜೈಲಿಗೆ ಕಳಿಸಿತು. ರೇಣವ್ವನ ಜೀವಕ್ಕೆ ಏನಾದರೂ ಆದರೆ ಕೇಸಿನ ಕಲಮು ಬದಲಾಗಿ ಶಿಕ್ಷೆ ಹೆಚ್ಚುತ್ತಿತ್ತು. ಲೈಸನ್ಸು ಹೋದರೆ ಅವನಿಗೆ ಬೇರೆ ಕಸುಬೂ ಗೊತ್ತಿರಲಿಲ್ಲ.

ಪ್ರಕರಣ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸಂಜೆ ಪಂಚನಾಮೆಯ ನಕಾಶೆ ಬರೆಯಲು ಕೂತ ಗುರಲಿಂಗಪ್ಪನವರ ತಲೆಯಲ್ಲಿ ಹುಳ ಹೊಕ್ಕಿತು. ರಸ್ತೆ ಅಲ್ಲಿ ಎಡಕ್ಕೆ ತಿರುಗುತ್ತದೆ. ನಿದ್ದೆ ಹತ್ತಿದವನ ಗಾಡಿ ತಿರುವನ್ನು ಮರೆತು ನೆಟ್ಟಗೆ ಹೋಗಿ ಬಲಕ್ಕೆ ಬೀಳಬೇಕು. ಈ ಕಾರು ಬಿದ್ದದ್ದು ಎಡಕ್ಕೆ, ತಿರುವಿನ ಒಳಮಗ್ಗುಲಿಗೆ. ರಸ್ತೆಗಿಂತ ಹೆಚ್ಚು ತಿರುಗಿತ್ತು.

ಮರುದಿನ ದವಾಖಾನೆಯಲ್ಲಿ ರೇಣವ್ವ ಹಲ್ಲು ಕಚ್ಚಿಕೊಂಡೇ ಮಾತಾಡಿದಳು. "ಅವಾ ಎಚ್ಚರ ಇದ್ದಾರಿ. ಕೈಯಾಗಿನ ಗಾಲಿ ಹಿಂಗ ಹಿಂಗ ತಿರುವಾಕ ಹತ್ತಿದ್ದ. ಅದು ಅವನ ಮಾತ ಕೇಳಲಿಲ್ಲ."

ನವೆಂಬರ್ ೧೧, ಶುಕ್ರವಾರ. ಇಳಕಲ್ಲಿನ ಗ್ಯಾರೇಜಿನ ಮುರ್ತುಜಸಾಬರನ್ನು ಠಾಣೆಗೆ ಕರೆಸಿದರು. ಕಾರಿನ ಕೆಲಸ ಮಾಡುತ್ತಿದ್ದವರು ಅವರೊಬ್ಬರೇ, ಆದ್ದರಿಂದ ಗುಮಾನಿಯೂ ಮೊದಲು ಅವರ ಮೇಲೆಯೇ. ಠಾಣೆಗೆ ಎಳೆಸಿ ತಂದಿದ್ದ ಕಾರಿನ ಮುಂದಿನ ಟೈರಿನ ಮೇಲೆ ಸಾಬರು ಅಂಗೈ ಸವರಿದರು. ಗುರಲಿಂಗಪ್ಪನವರೂ ಸವರಿದರು. ಒಳಗಿನಿಂದ ಹೊರಗೆ ಸವರಿದರೆ ನುಣುಪು, ಹೊರಗಿನಿಂದ ಒಳಗೆ ಸವರಿದರೆ ಗರಗಸ.

"ಹದಿನೈದು ದಿನದ ಟೈರು ಇದು. ಹಿಂಗ ಸವೀಬಾರದು," ಎಂದರು ಸಾಬರು. ಟೇಪು ಹಿಡಿದು ಅಳೆದರು. ಮುಂದಿನ ಎರಡು ಗಾಲಿಗಳ ನಡುವಿನ ಅಂತರ ಗಾಲಿಗಳ ಹಿಂಬದಿಗಿಂತ ಮುಂಬದಿಯಲ್ಲಿ ಬೆರಳಗಲ ಹೆಚ್ಚಿತ್ತು.

"ಅಂದ್ರ?"

"ರಾಜಮಹ್ಮದ, ಪಾದ ಒಳಗ ಮಾಡಿ ನಡೀ. ಈಗ ಹೊರಗ ಮಾಡಿ ನಡೀ," ಎಂದರು ಸಾಬರು.

ರಾಜಮಹ್ಮದ ಠಾಣೆಯ ಅಂಗಳದಲ್ಲಿ ಬಾತುಕೋಳಿಯಂತೆ ನಡೆದ. ಕೈದಿಯೊಬ್ಬ ಕಿಟಕಿಯಲ್ಲಿ ನಕ್ಕ.

"ಗಾಲಿ ಮುಂದ ಜರಾ ಒಳಗಿದ್ರ ಗಾಡಿ ನೆಟ್ಟಗ ಹೋಗತೈತಿ, ತಿರುವಾಕ ಭಾರ ಆಗತೈತಿ. ಹೊರಗಿದ್ರ ಸ್ಟೇರಿಂಗ್ ಮುಟ್ಟಿದ್ರ ಸಾಕು, ಜಿಗೀತೈತಿ. ಅದರಾಗ ಇದು ಹಗೂರ ಗಾಡಿ. ತಿರುವಿನ್ಯಾಗ ಒಳಕ್ಕ ಹಾರತೈತಿ."

"ಮಾಡಿದವರು ಯಾರು?"

"ನಾ ಅಲ್ರಿ."

ಸಾಬರು ಅಡಿಯಲ್ಲಿ ಮಲಗಿ ತೋರಿಸಿದರು. ಗಾಲಿಗಳನ್ನು ತಿರುಗಿಸುವ ಎರಡೂ ರಾಡುಗಳ ನಟ್ಟುಗಳ ಮೇಲೆ ಅವನ್ನು ತಿರುಗಿಸುವ ಪಾನಾದ ಹೊಸ ಗುರುತಿತ್ತು. ಎರಡನ್ನೂ ಒಂದೇ ಸಮ ಉದ್ದ ಮಾಡಿ, ನಟ್ಟು ಬಿಗಿದು, ಮೇಲೆ ಗ್ರೀಸು ಒರೆಸಿದ್ದರು. ಕೊಲ್ಲಲು ಬಂದವನು ನಟ್ಟು ಸಡಿಲ ಬಿಟ್ಟು ಹೋಗುತ್ತಾನೆ. ಇಷ್ಟು ಕಾಳಜಿಯಿಂದ ಕೇಡು ಮಾಡುವವರು ಯಾರು?

ಶನಿವಾರ ಬೆಳಿಗ್ಗೆ ಅವರು ಸಾಬರಿಂದ ಅದನ್ನು ಸರಿ ಮಾಡಿಸತೊಡಗಿದರು. ಸಾಬರು ಒಂದೆರಡು ಸುತ್ತು ತಿರುಗಿಸಿ ನಾಲಿಗೆ ಕಚ್ಚಿಕೊಂಡರು. "ಉಲ್ಟಾ ಆತ್ರಿ. ರೂಢಿ ನೋಡ್ರಿ. ಜೀಪಿಗೆ ಈ ರಾಡು ಅಚ್ಚಿನ ಹಿಂದ ಇರತೈತಿ. ಉದ್ದ ಮಾಡಿದ್ರ ಗಾಲಿ ಮುಂದ ಒಳಗ ಬರತಾವು. ಈ ಗಾಡಿಗೆ ರಾಡು ಅಚ್ಚಿನ ಮುಂದ ಐತಿ. ಉದ್ದ ಮಾಡಿದ್ರ ಹೊರಗ ಹೋಗತಾವು."

ಗುರಲಿಂಗಪ್ಪ ಎದ್ದು ನಿಂತರು. "ಹಂಗಾರ ಜೀಪಿನ ಮ್ಯಾಲ ಕಲಿತವರು ಇದನ್ನ ಉದ್ದ ಮಾಡಿದ್ರ, ಅವರ ಮನಸ್ಸಿನ್ಯಾಗ ಏನಿರತೈತಿ?"

"ಗಾಡಿ ಭಾರ ಆಗ್ಲಿ, ನಿಧಾನ ಹೋಗ್ಲಿ ಅಂತ್ರಿ."

ಕಾರು ನಿಧಾನ ಹೋದರೆ ಯಾರಿಗೆ ಸಂತೋಷ? ಗುರಲಿಂಗಪ್ಪ ನೇರ ಇಳಕಲ್ಲಿನ ಕಲ್ಲಿನ ಅಂಗಡಿಗೆ ಹೋಗಿ ಮಧುಸೂದನರಾಯರನ್ನು ಕೇಳಿದರು.

"ನಿಮ್ಮ ಮನ್ಯಾಗ ಜೀಪು ಇತ್ತೇನ್ರಿ?"

"ಅಪ್ಪಂದು ಇತ್ತು. ಈಗಿಲ್ಲ."

"ಅದರ ರಿಪೇರಿ ಯಾರು ಮಾಡ್ತಿದ್ರು?"

"ಅಪ್ಪನ ಜೋಡಿ ನಮ್ಮ ಅಕ್ಕ." ರಾಯರ ನಗು ಅರ್ಧಕ್ಕೇ ನಿಂತಿತು. "ಯಾಕ್ರಿ?"

ಆ ಅಕ್ಕ ರುಕ್ಮಿಣೀಬಾಯಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ. ನಾಲ್ಕು ಗಂಟೆಗೆ ಪೊಲೀಸರು ಮನೆಗೆ ಹೋದಾಗ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಹೆಂಗಸೊಬ್ಬರು ಹತ್ತಿರ ಇರಲೆಂದು ನೆರೆಮನೆಯ ಅಮೀನಬಿಯನ್ನು ಕರೆಸಿ ಕೂರಿಸಲಾಯಿತು.

"ಕಾರಿನ ರಾಡು ತಿರುವಿದವರು ನೀವೇನ್ರಿ?"

"ಹೌದು, ಹೋದ ಭಾನುವಾರ ಸಂಜಿಮುಂದ." ಅವರು ತಡವರಿಸಲಿಲ್ಲ. "ಆದ್ರ ಅಪಘಾತಕ್ಕೂ ಅದಕ್ಕೂ ಸಂಬಂಧ ಇಲ್ಲ. ನಾ ಗಾಲಿ ಒಳಗ ಮಾಡೀನಿ. ಗಾಡಿ ಇನ್ನಷ್ಟು ನೆಟ್ಟಗ ಹೋಗ್ತದ."

"ಯಾಕ ಮಾಡಿದ್ರಿ?"

"ತಮ್ಮ ಸೋಲ್ಲಿ ಅಂತ. ಎರಡನೇದವ ಬಂದಾನ, ಈ ಸಲ ಒಂದನೇದವ ಆಗ್ಬೇಕಂತ ಹಟ ಹಿಡದಾನ. ಹೀಂಗ ಹಟ ಹಿಡದವರು ಗುಡ್ಡದ ಮ್ಯಾಲಿಂದ ಬೀಳ್ತಾರ. ಒಮ್ಮೆ ಹಿಂದ ಬಿದ್ರ ಬೇಸತ್ತು ಬಿಡ್ತಾನ ಅಂದ್ಕೊಂಡೆ."

ಗುರಲಿಂಗಪ್ಪನವರಿಗೆ ಮುಂದಿನ ಮಾತು ಹೇಳಲು ಮನಸ್ಸಾಗಲಿಲ್ಲ. ಹೇಳಿದರು. ಈ ಕಾರಿಗೆ ರಾಡು ಅಚ್ಚಿನ ಮುಂದಿದೆ ಎಂದರು.

ಬಾಯಿಯವರ ಎರಡು ಕೈ ಗಾಳಿಯಲ್ಲಿ ಎರಡು ಗಾಲಿಗಳಾಗಿ ನಿಂತವು. ಒಮ್ಮೆ ಹಿಂದಿನಿಂದ ತಳ್ಳಿ ನೋಡಿದರು, ಒಮ್ಮೆ ಮುಂದಿನಿಂದ. ಆಮೇಲೆ ಕೈಗಳು ತೊಡೆಯ ಮೇಲೆ ಬಿದ್ದವು.

"ಹೊರಗಾತು," ಎಂದರು. ಶೇಂಗಾದ ಬುಟ್ಟಿ ಪಕ್ಕಕ್ಕೆ ಸರಿಸಿ, "ಮಲಕಪ್ಪ ನಾಕು ದಿನದಿಂದ ಒಳಗಿದ್ದಾನ," ಎಂದರು.

ಅಷ್ಟರಲ್ಲಿ ತಮ್ಮ ಬಂದು ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರೆಂದು ಮುಖವೇ ಹೇಳುತ್ತಿತ್ತು. "ಸಾಹೇಬ್ರ, ನಾನ ಮಾಡೀನಿ ಅಂತ ಬರಕೋರಿ."

"ನಿನಗ ಪಾನಾ ಹಿಡೀಲಿಕ್ಕೆ ಬರ್ತದೇನು?" ಎಂದರು ಅಕ್ಕ. "ಮೊದಲ ಹೋಗಿ ಮಲಕಪ್ಪಗ ಜಾಮೀನು ಕೊಡು. ನಾ ಇವರ ಜೋಡಿ ಹೋಗ್ತೀನಿ."

ಸಂಜೆ ಐದೂಕಾಲಿಗೆ ರುಕ್ಮಿಣೀಬಾಯಿಯವರನ್ನು ಬಂಧಿಸಲಾಯಿತು. ಮಲಕಪ್ಪನ ಹೆಸರಿನ ಮುಂದಿದ್ದ ಕಲಮು ಅವರ ಹೆಸರಿನ ಮುಂದೆ ಬಂತು. ತಾಯಿ ಸತ್ತಾಗ ಮಧುಸೂದನರಾಯರಿಗೆ ಆರು ವರ್ಷ. ಅಂದಿನಿಂದ ಸಾಕಿದ ಈ ಅಕ್ಕ ಬಂದ ಎರಡು ಸಂಬಂಧಗಳನ್ನು ತಮ್ಮನ ಸಲುವಾಗಿ ಬೇಡವೆಂದಿದ್ದರು. ಅವರ ಹೇಳಿಕೆಯಲ್ಲಿ ದ್ವೇಷದ ಒಂದು ಮಾತೂ ಇರಲಿಲ್ಲ. ತಮ್ಮ ಸೋತು ಬರಲಿ, ಆದರೆ ಬರಲಿ ಎಂದಷ್ಟೇ ಇತ್ತು.

ಸೋಮವಾರ ಹುಲ್ಲಪ್ಪ ಠಾಣೆಗೆ ಬಂದ. ಗುರಲಿಂಗಪ್ಪ ಅವನಿಗೆ ಎಲ್ಲ ಬಿಡಿಸಿ ಹೇಳಿದರು, ರಾಡು ಮುಂದಿದ್ದದ್ದು, ಅಕ್ಕ ಅದನ್ನು ಹಿಂದಿದೆಯೆಂದು ತಿಳಿದದ್ದು. ಹುಲ್ಲಪ್ಪ ಕಂಬಳಿಯ ಅಂಚು ಹಿಡಿದುಕೊಂಡು ಕೊನೆಯವರೆಗೂ ಕೇಳಿದ.

"ತಮ್ಮನ್ನ ಉಳಸಕೊಳ್ಳಾಕ ಮಾಡ್ಯಾಳ, ಖರೆ ಐತ್ರಿ," ಎಂದ. "ನಿನ್ನಿ ನಮ್ಮ ರೇಣವ್ವನ ಕಾಲು ತಗದ್ರು. ಯಾಕ ಹಿಂಗಾತು ಅಂತ ಕೇಳಾಕ ಹತ್ಯಾಳ. ನೀವ ಬಂದು ಹೇಳ್ರಿ ಸಾಹೇಬ್ರ, ನನಗ ಹೇಳಾಕ ಆಗೂದಿಲ್ಲ."

ಗುರಲಿಂಗಪ್ಪ ಟೋಪಿ ಎತ್ತಿಕೊಂಡು ಅವನ ಜೊತೆ ಬಾಗಲಕೋಟೆಯ ಬಸ್ಸು ಹತ್ತಿದರು.