ಅಣ್ಣನ ತಲೆಯ ಎಣ್ಣೆ

“ತಲೆಗೆ ಎಣ್ಣೆ ಹಾಕಿದ್ದು ಯಾರು?” ಎಂದು ಕೇಳಿದರು ವಸುಧಾ ಮೇಡಂ.

ಅವರು ಮೂಡುಬಿದಿರೆಯಿಂದ ಪುತ್ತಿಗೆಯ ಈ ಮನೆಗೆ ಬಂದಿದ್ದರು. ಮನಃಶಾಸ್ತ್ರದ ಸಂಶೋಧನೆ ಅವರದು. ಕೈಯಲ್ಲಿ ವಯರುಗಳ ಟೋಪಿ ಇತ್ತು.

ಮಂಚದಲ್ಲಿ ಅಂಕಿತ್ ಮಲಗಿದ್ದ, ಪಕ್ಕದಲ್ಲಿ ತಂಗಿ ಅನಿಷಾ ನಿಂತಿದ್ದಳು. ಕಣ್ಣು ತೆರೆದೇ ಇತ್ತು. ಪಾಣೆಮಂಗಳೂರಿನಲ್ಲಿ ಬೈಕಿನಿಂದ ಬಿದ್ದ ಮೇಲೆ ಅವನು ಮಾತಾಡಿಲ್ಲ, ಯಾರನ್ನೂ ನೋಡಿ ನಕ್ಕಿಲ್ಲ.

“ನಾನೇ ಹಾಕಿದ್ದು,” ಎಂದರು ವಿಮಲಜ್ಜಿ. “ಮೆಷಿನ್ ಇಟ್ರೆ ತಲೆ ಬಿಸಿ ಆಗ್ತದಲ್ಲ, ತಂಪಿರ್ಲಿ ಅಂತ.”

“ಬಿಸಿ ಆಗುದಿಲ್ಲ ಅಜ್ಜಿ. ಮೆದುಳಿನ ಸಣ್ಣ ಕರೆಂಟನ್ನು ಅಳೆಯುದು ಅಷ್ಟೆ. ಎಣ್ಣೆ ಇದ್ರೆ ಅದು ಸರಿಯಾಗಿ ಸಿಕ್ಕುದಿಲ್ಲ.”

ಅಜ್ಜಿಯ ಮುಖ ಸಣ್ಣದಾಯಿತು. ಎದ್ದು ಒಳಗೆ ಹೋದರು.

ಅಮ್ಮ ಬಿಸಿನೀರು ತಂದರು. ಅನಿಷಾ ಅಣ್ಣನ ತಲೆಗೆ ಶಾಂಪೂ ತಿಕ್ಕಿದಳು.

“ಕಣ್ಣು ಮುಚ್ಚು ಮಾರಾಯ, ಉರೀತದೆ!”

ಅವನು ಮುಚ್ಚಲಿಲ್ಲ. ಅವಳೇ ಅಂಗೈ ಅಡ್ಡ ಹಿಡಿದಳು.

ಕೂದಲು ಒಣಗಿದ ಮೇಲೆ ಮೇಡಂ ಟೋಪಿ ಹಾಕಿ, ಕರೆಂಟು ಸರಿಯಾಗಿ ಸಿಗಲೆಂದು ವಯರುಗಳ ಅಡಿಗೆ ಜೆಲ್ ಬಿಟ್ಟರು. ಸ್ಪೀಕರಿನಲ್ಲಿ ಅನಿಷಾಳದೇ ಧ್ವನಿ ಕೇಳಿಸಿತು. ಮೊದಲೇ ರೆಕಾರ್ಡ್ ಮಾಡಿದ್ದು. “ಮನ್ವಿತ್... ಶಿವಕೃಷ್ಣ... ಅಂಕಿತ್!”

“ಬೇರೆಯವರ ಹೆಸರಿನ ನಡುವೆ ಅವನ ಹೆಸರು ತುಂಬಾ ಸಲ ಕರೀಬೇಕು,” ಎಂದರು ಮೇಡಂ. “ಎಲ್ಲ ಸೇರಿಸಿ ನೋಡುವಾಗ, ಅವನ ಹೆಸರಿಗೆ ಮೆದುಳಿನ ಕರೆಂಟಿನ ಗೆರೆ ಬೇರೆ ಥರ ಎದ್ರೆ, ಅವನಿಗೆ ಗೊತ್ತಾಗಿದೆ ಅಂತ.”

ಕೊನೆಗೆ ಲ್ಯಾಪ್‌ಟಾಪಿನಲ್ಲಿ ಗೆರೆಗಳು ಬಂದವು. ಮೇಡಂ ನೋಡಿದರು. ಪುನಃ ನೋಡಿದರು. ಎಲ್ಲ ಹೆಸರಿಗೂ ಗೆರೆ ಒಂದೇ ಥರ ಇತ್ತು.

“ಎಣ್ಣೆಯಿಂದ್ಲಾ ಮೇಡಂ?” ಎಂದಳು ಅನಿಷಾ.

“ಅಲ್ಲ ಪುಟ್ಟ. ನೀನು ಚೆಂದ ತೊಳ್ದಿದ್ದಿ. ರೆಕಾರ್ಡಿಂಗ್ ಕ್ಲೀನ್ ಉಂಟು.” ಅವರು ಲ್ಯಾಪ್‌ಟಾಪ್ ಮುಚ್ಚಿದರು. “ಅವನಿಗೆ ಕೇಳುದೇ ಇಲ್ಲ ಅಂತ ಇದ್ರಿಂದ ಹೇಳ್ಲಿಕ್ಕೆ ಆಗುದಿಲ್ಲ. ಕೇಳ್ತದೆ ಅಂತಲೂ ಹೇಳ್ಲಿಕ್ಕೆ ಆಗುದಿಲ್ಲ.”

ಅಮ್ಮ ಒದ್ದೆ ಟವೆಲನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

ಅನಿಷಾ ಒಳಗೆ ಹೋದಳು. ಅಜ್ಜಿ ಅಡುಗೆಕೋಣೆಯಲ್ಲಿ ಎಣ್ಣೆ ಬಾಟಲಿ ಹಿಡಿದುಕೊಂಡು ಕೂತಿದ್ದರು.

“ಏನೂ ಕಾಣ್ಲಿಲ್ವಾ ಮಗಾ?”

“ಇಲ್ಲಜ್ಜಿ.”

“ನನ್ನ ಎಣ್ಣೆ ಪೂರ್ತಿ ಹೋಗಿರ್ಲಿಕ್ಕಿಲ್ಲ. ಅದ್ರಿಂದ್ಲೇ ಅಲ್ವಾ? ಹೇಳು, ಅದ್ರಿಂದ್ಲೇ ಅಲ್ವಾ?”

ಅಲ್ಲ ಎನ್ನಲು ಅನಿಷಾ ಬಾಯಿ ತೆರೆದಳು. ಅಜ್ಜಿ ಅವಳ ಬಾಯನ್ನೇ ನೋಡುತ್ತಿದ್ದರು, ತಪ್ಪು ತನ್ನದೇ ಆಗಿರಲಿ ಎಂದು ಬೇಡುವವರಂತೆ.

“ಸ್ವಲ್ಪ ಉಳಿದಿತ್ತೋ ಏನೋ ಅಜ್ಜಿ,” ಎಂದಳು.

ಅಜ್ಜಿ ಉಸಿರು ಬಿಟ್ಟರು. ಮುಚ್ಚಳ ಬಿಗಿದು ಬಾಟಲಿಯನ್ನು ಮೇಲಿನ ಶೆಲ್ಫಿಗೆ ಎತ್ತಿಟ್ಟರು. “ಇನ್ನೊಂದು ಸಲ ಅವ್ರು ಬರುವಾಗ ನಾನು ಮುಟ್ಟುದೇ ಇಲ್ಲ.”

ಅನಿಷಾ ತನ್ನ ಅಂಗೈ ಮೂಸಿದಳು. ಶಾಂಪೂವಿನ ವಾಸನೆ ಮಾತ್ರ ಇತ್ತು. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.